‘ಇಲ್ಲ’, ‘ಅಲ್ಲ’ ಹಿಡಿದು ಪ್ಲೇಟೋನ ‘ಸೋಫಿಸ್ಟ್’ ಓದಿದ ನನ್ನ ಅನುಭವ

ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಪ್ಲೇಟೋ ತಜ್ಞರೊಬ್ಬರ ಬಳಿ ಸ್ನಾತಕೋತ್ತರ ಅಧ್ಯಯನಕ್ಕೆ ಸೇರಿದ್ದ ನಾನು ಪ್ಲೇಟೋನ ‘ಸೋಫಿಸ್ಟ್’ ಎಂಬ ಸಂವಾದದ ಗ್ರೀಕ್ ಮೂಲವನ್ನು ಸಾಲುಸಾಲಾಗಿ ಕನ್ನಡಕ್ಕೆ ಇಳಿಸಿಕೊಂಡೇ ಓದುತ್ತೇನೆ ಎಂದಾಗ ಸಹಪಾಠಿಗಳು ಅದನ್ನು ಕಾಲಹರಣವೆಂದರು. ಪ್ರಾಧ್ಯಾಪಕರು ಬೇಡವೆನ್ನಲಿಲ್ಲ, ಆದರೆ ನಂಬಲೂ ಇಲ್ಲ. ನನ್ನ ಪ್ರಬಂಧ ಹುಟ್ಟಿದ್ದು ಆ ಓದಿನಿಂದಲೇ.

ಮೊದಲ ವರ್ಷವೆಲ್ಲ ಸೋಲು. ವಾರಕ್ಕೊಮ್ಮೆ ಮೇಜಿನ ಸುತ್ತ ಕುಳಿತು ಸರದಿಯಂತೆ ಅನುವಾದಿಸುವಾಗ, ಇಂಗ್ಲಿಷ್ ಅನುವಾದವನ್ನು ಬಾಯಿಪಾಠ ಮಾಡಿಕೊಂಡು ಹೋಗಿರುತ್ತಿದ್ದ ನನಗೆ ಪ್ರಾಧ್ಯಾಪಕರು ಒಂದು ಕೃದಂತವನ್ನು ತೋರಿಸಿ ಇದರ ಅನ್ವಯ ಯಾವುದಕ್ಕೆ ಎಂದು ಕೇಳಿದರೆ ಉತ್ತರ ತೋಚುತ್ತಿರಲಿಲ್ಲ. ಬೇಸಿಗೆಯ ಗ್ರೀಕ್ ತರಗತಿಗೆ ಸುಮಾರು 600 ಪೌಂಡ್ ತೆತ್ತೆ. ವ್ಯಾಕರಣ ಗಟ್ಟಿಯಾಯಿತು, ಓದು ಮಾತ್ರ ಮುಂದೆ ಸಾಗಲಿಲ್ಲ. ಮೈಸೂರಿನಲ್ಲಿ ಸಂಸ್ಕೃತ ಕಲಿತಿದ್ದ ಧೈರ್ಯದಿಂದ ‘ಟೊ ಮೇ ಒನ್’ (ಇಲ್ಲದ್ದು ಅಥವಾ ಅಲ್ಲದ್ದು) ಎಂಬುದಕ್ಕೆ ಎಲ್ಲೆಡೆ ‘ಅಸತ್’ ಎಂದು ಬರೆದದ್ದು ಇನ್ನೂ ದೊಡ್ಡ ತಪ್ಪು. ಮೂವತ್ತು ಪುಟಗಳಷ್ಟು ಟಿಪ್ಪಣಿ ವ್ಯರ್ಥವಾಯಿತು, ಏಕೆಂದರೆ ಇಲ್ಲದ್ದರ ಬಗ್ಗೆ ಮಾತಾಡುವುದಾದರೂ ಹೇಗೆ ಎಂದು ಪ್ಲೇಟೋ ಬಿಡಿಸಲು ಹೊರಟಿದ್ದ ಗಂಟನ್ನು ಆ ಒಂದೇ ಪದ ಮತ್ತೆ ಬಿಗಿದಿತ್ತು.

ಗ್ರೀಕಿನ ‘ಊಕ್ ಎಸ್ಟಿ’ ಎಂಬ ನಿಷೇಧ ‘ಇಲ್ಲ’, ‘ಅಲ್ಲ’ ಎರಡರ ಕೆಲಸವನ್ನೂ ಮಾಡುತ್ತದೆ. ನಮ್ಮಲ್ಲಿ ‘ದೇವರಿಲ್ಲ’ ಎನ್ನುವುದು ಬೇರೆ, ‘ದೇವರಲ್ಲ’ ಎನ್ನುವುದು ಬೇರೆ. ಆದ್ದರಿಂದ ಕನ್ನಡದಲ್ಲಿ ಬರೆಯುವವನು ಪ್ರತಿ ನಿಷೇಧದಲ್ಲೂ ಒಂದನ್ನು ಆರಿಸಲೇಬೇಕಾಗುತ್ತದೆ. ‘ಸೋಫಿಸ್ಟ್’ನ 237ರಿಂದ 241ರವರೆಗಿನ (ಇವು ಪ್ಲೇಟೋನ ಕೃತಿಗಳ ಅಂಚಿನಲ್ಲಿ ಕೊಡುವ ರೂಢಿಯ ಪುಟಸಂಖ್ಯೆಗಳು) ತೊಡಕುಗಳಲ್ಲಿ ನನ್ನ ಲೇಖನಿ ‘ಇಲ್ಲ’ದ ಕಡೆಗೇ ವಾಲುತ್ತಿತ್ತು. 257ಬಿಗೆ ಬಂದಾಗ, ‘ದೊಡ್ಡದಲ್ಲ’ ಎಂದರೆ ಚಿಕ್ಕದೂ ಆಗಬಹುದು, ಸಮವೂ ಆಗಬಹುದು ಎನ್ನುವ ಮಾತಿಗೆ ‘ಅಲ್ಲ’ದ ಹೊರತು ಬೇರೆ ಪದವೇ ಒಗ್ಗಲಿಲ್ಲ. ಇರವಿಗೆ ವಿರುದ್ಧವಾದುದನ್ನು ನಾವು ಹೇಳುತ್ತಿಲ್ಲ, ಅದಕ್ಕಿಂತ ಬೇರೆಯಾದುದನ್ನಷ್ಟೇ ಹೇಳುತ್ತಿದ್ದೇವೆ ಎಂಬ ಅಲ್ಲಿನ ವಾಕ್ಯ ಅಂದು ರಾತ್ರಿ ನನಗೆ ಮೊದಲ ಬಾರಿಗೆ ಅರ್ಥವಾಯಿತು. ಈ ಭೇದವನ್ನು ಪ್ಲೇಟೋನೇ ಮಾಡಿದ್ದಾನೆಂದು ನಾನು ವಾದಿಸುವುದಿಲ್ಲ; ವಾಕ್ಯ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ನಾನು ಹಾಕಿಕೊಂಡ ‘ಇಲ್ಲ’ ಅಥವಾ ‘ಅಲ್ಲ’ ಎಂಬ ಗುರುತು ತೋರಿಸುತ್ತದೆ, ಅಷ್ಟೇ. ಎರಡೂ ಪದಗಳು ಹೊಂದುವ ಸಾಲುಗಳಿಗೆ ನನ್ನಲ್ಲಿ ಮೂರನೆಯ ಗುರುತೊಂದಿದೆ. ಲೇಖನ ಅಚ್ಚಾಗುವವರೆಗೆ ಅದನ್ನು ಬಿಟ್ಟುಕೊಡಲಾರೆ.

ಹಳೆಯ ಪುಸ್ತಕದಂಗಡಿಯಲ್ಲಿ ಸುಮಾರು 25 ಪೌಂಡಿಗೆ ಸಿಕ್ಕ ಆಕ್ಸ್‌ಫರ್ಡಿನ 1995ರ ಮೂಲಪಾಠ, ಎರಡು ಬಣ್ಣದ ಪೆನ್ನು, ಉದ್ದನೆಯ ನೋಟುಪುಸ್ತಕ: ಇಷ್ಟೇ ಸಾಮಗ್ರಿ. ದಿನಕ್ಕೆ ಹತ್ತು ಸಾಲು ಮುಗಿದರೆ ಹೆಚ್ಚು. ಗ್ರೀಕಿನ ‘ಇರು’ ಧಾತುವಿನ ಬಗ್ಗೆ ಚಾರ್ಲ್ಸ್ ಕಾನ್ 1973ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವನ್ನು ಆಮೇಲೆ ಓದಿದ್ದೇ ಒಳ್ಳೆಯದಾಯಿತು. ಮೊದಲೇ ಓದಿದ್ದರೆ ನನ್ನ ಕಿವಿಯನ್ನು ನಾನು ನಂಬುತ್ತಿರಲಿಲ್ಲ.

ನಡುವೆ ಇದೇ ಪ್ರಯೋಗವನ್ನು ಪ್ಲೇಟೋನ ಇನ್ನೊಂದು ಸಂವಾದ ‘ಥಿಯೇಟೆಟಸ್’ನ 152ರಲ್ಲಿ ಮಾಡಿ ಕೆಟ್ಟೆ. ಅದೇ ಗಾಳಿಗೆ ಒಬ್ಬನು ನಡುಗುತ್ತಾನೆ, ಇನ್ನೊಬ್ಬನು ನಡುಗುವುದಿಲ್ಲ ಎಂಬಲ್ಲಿ, ‘ನನಗೆ ಚಳಿ’ ಎಂದು ಸಲೀಸಾಗಿ ಹೇಳುವ ಕನ್ನಡ ಗಾಳಿಯನ್ನೇ ವಾಕ್ಯದಿಂದ ಕೈಬಿಟ್ಟು, ಯಾರಿಗೆ ಹೇಗೆ ತೋರುತ್ತದೋ ಅವರಿಗೆ ಅದು ಹಾಗೆಯೇ ಎನ್ನುವ ಪ್ರೊಟಾಗೊರಸನನ್ನು ವಾದವಿಲ್ಲದೆಯೇ ಗೆಲ್ಲಿಸಿಬಿಟ್ಟಿತು. ಪ್ರಾಧ್ಯಾಪಕರು ಅದನ್ನು ಒಂದೇ ನಿಮಿಷದಲ್ಲಿ ಹಿಡಿದರು.

‘ಸೋಫಿಸ್ಟ್’ನಲ್ಲೂ 263ರಲ್ಲಿ ವಿಧಾನ ಮುಗ್ಗರಿಸಿತು. ಸಂವಾದದ ಪಾತ್ರವೇ ಆದ ಥಿಯೇಟೆಟಸ್‌ನ ಬಗೆಗಿನ ‘ಥಿಯೇಟೆಟಸ್ ಹಾರುತ್ತಾನೆ’ ಎಂಬ ಸುಳ್ಳನ್ನು ನಿರಾಕರಿಸಲು ಕನ್ನಡಕ್ಕೆ ಸಹಜವಾಗಿ ಬರುವುದು ‘ಹಾರುತ್ತಿಲ್ಲ’; ಆದರೆ ನನ್ನ ಓದಿಗೆ ಅಲ್ಲಿ ಬೇಕಿದ್ದುದು ‘ಅಲ್ಲ’. ಅದನ್ನು ‘ಹಾರುತ್ತಿರುವವನಲ್ಲ’ ಎಂದು ತಿರುಗಿಸಿ ಬರೆದು, ಹೀಗೆ ತಿರುಗಿಸುವ ಒತ್ತಾಯ ಎಲ್ಲಿಂದ ಬಂತೆಂದು ಎಂಟು ಪುಟ ವಿವರಿಸಿದೆ. ಪ್ರಾಧ್ಯಾಪಕರು ಆ ಎಂಟು ಪುಟಗಳ ಮೇಲೆ ಎರಡು ಗಂಟೆ ಕುಳಿತು, ‘ಇಲ್ಲ’, ‘ಅಲ್ಲ’ ಎರಡನ್ನೂ ಹೇಗೆ ಉಚ್ಚರಿಸಬೇಕೆಂದು ಕೇಳಿ ತಿಳಿದುಕೊಂಡು, ತಮ್ಮ ಪ್ರತಿಯ ಅಂಚಿನಲ್ಲಿ ಬರೆದುಕೊಂಡರು.