ಸಂಶೋಧನೆಯ ಸುದ್ದಿಯನ್ನು ಒರೆಗೆ ಹಚ್ಚಿ ಓದುವುದು ಹೇಗೆ

ಮನುಷ್ಯನ ಭಾವನೆ, ಆರೋಗ್ಯ ಮತ್ತು ಬಾಹ್ಯಾಕಾಶದ ಬಗ್ಗೆ ಹೊಸ ಸಂಶೋಧನೆಯ ಸುದ್ದಿ ಬರದ ವಾರವಿಲ್ಲ. ನಗುಮುಖ ಮಾಡಿಕೊಂಡರೆ ಸಂತೋಷ ಹೆಚ್ಚುತ್ತದೆ, ಇಂಥ ಪದಾರ್ಥದಿಂದ ಕ್ಯಾನ್ಸರ್ ಬರುತ್ತದೆ, ದೂರದ ಗ್ರಹದಲ್ಲಿ ಜೀವದ ಸುಳಿವು ಸಿಕ್ಕಿದೆ ಎಂಬ ತಲೆಬರಹಗಳು ಬೆಳಿಗ್ಗೆ ಪತ್ರಿಕೆಯಲ್ಲಿ ಕಾಣಿಸಿಕೊಂಡು ಮಧ್ಯಾಹ್ನದೊಳಗೆ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪುಗಳನ್ನು ತಲುಪಿರುತ್ತವೆ. ಇವುಗಳಲ್ಲಿ ಕೆಲವನ್ನು ನಂಬಿ ಜನರು ಊಟ ಬದಲಿಸುತ್ತಾರೆ, ಕೆಲವರು ಮಾತ್ರೆಯನ್ನೇ ನಿಲ್ಲಿಸುತ್ತಾರೆ. ವಿಜ್ಞಾನದ ಪದವಿ ಇಲ್ಲದ ಓದುಗರೂ ಅರ್ಧ ಗಂಟೆ ಮೀಸಲಿಟ್ಟರೆ ಇಂಥ ಸುದ್ದಿಗೆ ಎಷ್ಟು ತೂಕ ಕೊಡಬೇಕೆಂದು ತಾವೇ ನಿರ್ಧರಿಸಬಹುದು ಎಂಬುದು ನನ್ನ ದೃಢವಾದ ನಂಬಿಕೆ. ಯಾರ ಮೇಲೆ ಏನನ್ನು ಅಳೆದರು, ಯಾವುದಕ್ಕೆ ಹೋಲಿಸಿದರು, ಬೇರೆಯವರಿಗೂ ಅದೇ ಫಲಿತಾಂಶ ಸಿಕ್ಕಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಆ ಕೆಲಸ.

ಮೊದಲು ಮೂಲ ಪ್ರಬಂಧಕ್ಕೆ ಹೋಗಿ

ಸುದ್ದಿಯಲ್ಲಿ ನಿಯತಕಾಲಿಕದ ಹೆಸರು, ಸಂಸ್ಥೆಯ ಹೆಸರು, ಸಂಶೋಧಕರ ಹೆಸರು ಇವೆಯೇ ಎಂದು ನೋಡಿ. ಮೂರರಲ್ಲಿ ಒಂದೂ ಇಲ್ಲದೆ ‘ವಿಜ್ಞಾನಿಗಳು ಹೇಳಿದ್ದಾರೆ’ ಎಂದಷ್ಟೇ ಇದ್ದರೆ ಅದನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಹೆಸರು ಸಿಕ್ಕರೆ, ಆರೋಗ್ಯ ಮತ್ತು ಮನಶ್ಶಾಸ್ತ್ರದ ವಿಷಯಗಳನ್ನು ಪಬ್‌ಮೆಡ್ ಎಂಬ ಉಚಿತ ಜಾಲತಾಣದಲ್ಲಿ, ಖಗೋಳದ ವಿಷಯಗಳನ್ನು ಆರ್‌ಕೈವ್ ತಾಣದಲ್ಲಿ ಹುಡುಕಬಹುದು. ಪೂರ್ಣ ಪ್ರಬಂಧಕ್ಕೆ ಹಣ ಕೇಳಿದರೂ ಸಾರಾಂಶವನ್ನು ಸಾಮಾನ್ಯವಾಗಿ ಉಚಿತವಾಗಿ ಓದಬಹುದು, ಮತ್ತು ನಮ್ಮ ಹೆಚ್ಚಿನ ಪ್ರಶ್ನೆಗಳಿಗೆ ಸಾರಾಂಶವೇ ಸಾಕು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಕೇಂದ್ರ ಸರ್ಕಾರದ ‘ಒಂದು ದೇಶ, ಒಂದು ಚಂದಾ’ ಯೋಜನೆಯಡಿ 2025ರಿಂದ ಸಾವಿರಾರು ನಿಯತಕಾಲಿಕಗಳು ತೆರೆದಿವೆ. ಮನೆಯಲ್ಲಿ ಅಂಥ ವಿದ್ಯಾರ್ಥಿ ಇದ್ದರೆ ಪೂರ್ಣ ಪಾಠವನ್ನು ತೆಗೆಸಿಕೊಂಡು ಒಟ್ಟಿಗೆ ಓದಬಹುದು.

ಇಷ್ಟು ಕಷ್ಟಪಡುವ ಅಗತ್ಯವೇನು ಎಂದು ಕೇಳುವವರಿಗೆ ಒಂದು ಅಧ್ಯಯನವನ್ನು ತೋರಿಸಬೇಕು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡವೊಂದು ಅಲ್ಲಿನ 20 ಪ್ರಮುಖ ವಿಶ್ವವಿದ್ಯಾಲಯಗಳು ಆರೋಗ್ಯದ ಬಗ್ಗೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳ ಜೊತೆ ಹೋಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿತು. ಶೇ 40ರಷ್ಟು ಪ್ರಕಟಣೆಗಳಲ್ಲಿ ಪ್ರಬಂಧದಲ್ಲಿ ಇಲ್ಲದಷ್ಟು ಉತ್ಪ್ರೇಕ್ಷಿತ ಸಲಹೆ ಇತ್ತು. ಪ್ರಾಣಿಗಳ ಮೇಲಿನ ಪ್ರಯೋಗವನ್ನು ಮನುಷ್ಯರಿಗೆ ಅತಿಯಾಗಿ ಅನ್ವಯಿಸಿದ್ದು ಶೇ 36ರಷ್ಟು. ಪತ್ರಕರ್ತನ ಕೈಗೆ ಬರುವ ಮೊದಲೇ ಮಾತು ಹಿಗ್ಗಿರುತ್ತದೆ ಎಂದು ಇದರಿಂದ ತಿಳಿಯುತ್ತದೆ. ಆದ್ದರಿಂದ ವಿಶ್ವವಿದ್ಯಾಲಯದ ಪ್ರಕಟಣೆಯನ್ನು ಓದಿದ ಮಾತ್ರಕ್ಕೆ ಮೂಲವನ್ನು ಓದಿದಂತಾಗುವುದಿಲ್ಲ.

ಯಾರನ್ನು ಅಳೆದರು, ಏನನ್ನು ಅಳೆದರು

ಸಾರಾಂಶ ತೆರೆದ ಮೇಲೆ ವಿಧಾನವನ್ನು ಹೇಳುವ ಸಾಲುಗಳಿಗೆ ಮೊದಲು ಕಣ್ಣು ಹಾಯಿಸಿ. ಅಲ್ಲಿ ಇಲಿಯೋ ಮನುಷ್ಯನೋ, ಹತ್ತು ಮಂದಿಯೋ ಹತ್ತು ಸಾವಿರ ಮಂದಿಯೋ, ಯಾವ ವಯಸ್ಸಿನವರು ಎಂಬ ವಿವರ ಇರುತ್ತದೆ. ಬಾಹ್ಯಾಕಾಶ ವೈದ್ಯಕೀಯದಲ್ಲಿ ಈ ಪ್ರಶ್ನೆ ಬಹಳ ಮುಖ್ಯ, ಏಕೆಂದರೆ ಅಲ್ಲಿಗೆ ಹೋಗುವವರೇ ಬೆರಳೆಣಿಕೆಯ ಜನ.

ನಾಸಾದ ಅವಳಿ ಸೋದರರ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಸ್ಕಾಟ್ ಕೆಲಿ 2015ರ ಮಾರ್ಚ್‌ನಿಂದ 2016ರ ಮಾರ್ಚ್‌ವರೆಗೆ 340 ದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದರು. ತದ್ರೂಪಿ ಸೋದರ ಮಾರ್ಕ್ ಕೆಲಿ ನೆಲದ ಮೇಲಿದ್ದರು. ಇಬ್ಬರ ರಕ್ತ, ಮೂತ್ರ, ಕಣ್ಣು, ರಕ್ತನಾಳ, ಬುದ್ಧಿಶಕ್ತಿ ಎಲ್ಲವನ್ನೂ ಪರೀಕ್ಷಿಸಲಾಯಿತು. 2018ರ ಮಾರ್ಚ್‌ನಲ್ಲಿ ಜಗತ್ತಿನ ಅನೇಕ ಮಾಧ್ಯಮಗಳು ‘ಸ್ಕಾಟ್ ಅವರ ಶೇ 7ರಷ್ಟು ಜೀನ್‌ಗಳು ಬದಲಾಗಿವೆ, ಅವರೀಗ ತದ್ರೂಪಿ ಅವಳಿಯಾಗಿ ಉಳಿದಿಲ್ಲ’ ಎಂದು ಬರೆದವು. ಒಬ್ಬ ಮನುಷ್ಯನ ಶೇ 7ರಷ್ಟು ಡಿಎನ್‌ಎ ನಿಜಕ್ಕೂ ಬೇರೆಯಾಗುವುದು ಕಲ್ಪನೆಗೂ ಮೀರಿದ ಸಂಗತಿ. ಅಳೆದದ್ದು ಜೀನ್‌ಗಳ ಅಭಿವ್ಯಕ್ತಿಯನ್ನು, ಅಂದರೆ ಯಾವ ಜೀನ್ ಎಷ್ಟು ಚುರುಕಾಗಿ ಕೆಲಸ ಮಾಡುತ್ತಿದೆ ಎಂಬುದನ್ನು. ಹಾಗೆ ಬದಲಾದ ಅಭಿವ್ಯಕ್ತಿಯಲ್ಲಿ ಬಹುಪಾಲು ಭೂಮಿಗೆ ಮರಳಿದ ಮೇಲೆ ಮೊದಲಿನಂತಾಗಿತ್ತು, ಸುಮಾರು ಶೇ 7ರಷ್ಟು ಮಾತ್ರ ಇನ್ನೂ ಮರಳಿರಲಿಲ್ಲ. ಪರ್ವತಾರೋಹಣ ಅಥವಾ ಸಮುದ್ರದ ಆಳಕ್ಕೆ ಇಳಿಯುವಂಥ ಒತ್ತಡದಲ್ಲೂ ಈ ಮಟ್ಟದ ಬದಲಾವಣೆ ಕಾಣಬಹುದೆಂದು ನಾಸಾ ಸ್ಪಷ್ಟನೆ ಕೊಡಬೇಕಾಯಿತು. ಪೂರ್ಣ ಪ್ರಬಂಧ ‘ಸೈನ್ಸ್’ ನಿಯತಕಾಲಿಕದಲ್ಲಿ ಬಂದದ್ದು 2019ರ ಏಪ್ರಿಲ್‌ನಲ್ಲಿ. ಹೋದವರು ಒಬ್ಬರು, ಹೋಲಿಕೆಗೆ ಇದ್ದವರು ಇನ್ನೊಬ್ಬರು. ಇಷ್ಟರಿಂದ ಬಾಹ್ಯಾಕಾಶಯಾನ ಎಲ್ಲರ ದೇಹವನ್ನೂ ಹೀಗೆಯೇ ಬದಲಿಸುತ್ತದೆ ಎನ್ನಲಾಗದು. ಮುಂದಿನ ಯಾನಿಗಳಲ್ಲಿ ಏನನ್ನು ಗಮನಿಸಬೇಕು ಎಂಬ ಪಟ್ಟಿ ಸಿಕ್ಕಿತು ಎನ್ನಬಹುದು.

ಶೇಕಡಾವಾರು ಕಂಡಲ್ಲಿ ನಿಲ್ಲಿ

ಆರೋಗ್ಯದ ಸುದ್ದಿಯಲ್ಲಿ ಓದುಗನನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಶೇಕಡಾವಾರು. ‘ಅಪಾಯ ಶೇ 26ರಷ್ಟು ಹೆಚ್ಚು’ ಎಂದು ಓದಿದ ಕೂಡಲೇ, ಎಷ್ಟರ ಮೇಲೆ ಶೇ 26 ಎಂದು ಕೇಳಬೇಕು. ಅಮೆರಿಕದಲ್ಲಿ ನಡೆದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಪ್ರಯೋಗದ ಲೆಕ್ಕವನ್ನು ಒಮ್ಮೆ ಸಮಾಧಾನದಿಂದ ನೋಡಿದರೆ ಈ ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಮುಟ್ಟು ನಿಂತ ಮಹಿಳೆಯರಿಗೆ ಹಾರ್ಮೋನ್ ಮಾತ್ರೆ ಕೊಟ್ಟರೆ ಹೃದಯಕ್ಕೆ ರಕ್ಷಣೆ ಸಿಗುತ್ತದೆ ಎಂಬ ಭಾವನೆ ಬಹುಕಾಲ ಇತ್ತು. ಮಾತ್ರೆ ನುಂಗುತ್ತಿದ್ದ ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಹೃದ್ರೋಗ ಕಡಿಮೆ ಕಂಡಿತ್ತು. ಆದರೆ ಮಾತ್ರೆ ಬಯಸಿ ತೆಗೆದುಕೊಂಡವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು, ಆರೋಗ್ಯದ ಕಾಳಜಿ ಇದ್ದವರು. ಅವರ ಹೃದಯ ಚೆನ್ನಾಗಿದ್ದುದಕ್ಕೆ ಮಾತ್ರೆಯೇ ಕಾರಣವೆನ್ನುವಂತಿರಲಿಲ್ಲ. ಸಂದೇಹ ಬಗೆಹರಿಸಲು 50ರಿಂದ 79 ವರ್ಷದ 16,608 ಮಹಿಳೆಯರನ್ನು ಚೀಟಿ ಎತ್ತಿದ ರೀತಿಯಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಇರುವ ಮಾತ್ರೆ, ಇನ್ನೊಂದಕ್ಕೆ ಔಷಧವಿಲ್ಲದ ಮಾತ್ರೆ ಕೊಡಲಾಯಿತು. 2002ರ ಜುಲೈನಲ್ಲಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಶೇ 26ರಷ್ಟು, ಹೃದ್ರೋಗ ಶೇ 29ರಷ್ಟು ಹೆಚ್ಚಾಗಿ ಕಂಡಿತ್ತು.

ಈಗ ಅದೇ ಪ್ರಬಂಧದ ಇನ್ನೊಂದು ಸಾಲು. ಔಷಧವಿಲ್ಲದ ಮಾತ್ರೆ ಪಡೆದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನ್ ಪಡೆದ 10,000 ಮಹಿಳೆಯರಲ್ಲಿ 38 ಮಂದಿಗೆ ಬಂತು. ಶೇ 26 ಎಂದರೂ ಇದೇ, 10,000ಕ್ಕೆ 8 ಎಂದರೂ ಇದೇ, ಎರಡೂ ಸತ್ಯ. ಮೊದಲನೆಯದನ್ನು ಮಾತ್ರ ಓದಿದವರಿಗೆ ಹುಟ್ಟುವ ಹೆದರಿಕೆಯೇ ಬೇರೆ. ಸೊಂಟದ ಮೂಳೆ ಮುರಿತ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಹಾರ್ಮೋನ್ ಗುಂಪಿನಲ್ಲಿ ಕಡಿಮೆಯಾಗಿದ್ದವು ಎಂಬ ಅಂಶಕ್ಕೆ ತಲೆಬರಹಗಳಲ್ಲಿ ಜಾಗ ಸಿಗಲಿಲ್ಲ. ಮುಟ್ಟು ನಿಂತ ಆರಂಭದ ವರ್ಷಗಳಲ್ಲಿ ಮಾತ್ರೆ ಶುರುಮಾಡುವವರಿಗೂ ಬಹಳ ತಡವಾಗಿ ಶುರುಮಾಡುವವರಿಗೂ ಹೃದಯದ ಅಪಾಯ ಒಂದೇ ರೀತಿ ಇರುವುದಿಲ್ಲವೆಂದು ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಆದ್ದರಿಂದ ಯಾವುದೇ ಸುದ್ದಿಯಲ್ಲಿ ಶೇಕಡಾವಾರು ಕಂಡರೆ, ಮೂಲದಲ್ಲಿ ‘10,000ಕ್ಕೆ ಎಷ್ಟು’ ಅಥವಾ ‘100ಕ್ಕೆ ಎಷ್ಟು’ ಎಂಬ ಸಂಖ್ಯೆಯನ್ನು ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಆ ಸಂಖ್ಯೆಯೇ ಸಿಗದಿದ್ದರೆ ತೀರ್ಮಾನವನ್ನು ಮುಂದಕ್ಕೆ ಹಾಕಿ.

ಕ್ಯಾನ್ಸರ್ ಪಟ್ಟಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು ವಸ್ತುಗಳನ್ನು ಗುಂಪುಗಳಾಗಿ ವಿಂಗಡಿಸುತ್ತದೆ. ಗುಂಪಿನ ಸಂಖ್ಯೆ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಸೂಚಿಸುತ್ತದೆ. ಅಪಾಯ ಎಷ್ಟು ದೊಡ್ಡದು ಎಂಬುದು ಅದರಿಂದ ಗೊತ್ತಾಗುವುದಿಲ್ಲ. 2023ರಲ್ಲಿ ಆಸ್ಪರ್ಟೇಮ್ ಎಂಬ ಕೃತಕ ಸಿಹಿಯನ್ನು ‘2ಬಿ’ ಗುಂಪಿಗೆ, ಅಂದರೆ ಸೀಮಿತ ಸಾಕ್ಷ್ಯ ಇರುವವುಗಳ ಸಾಲಿಗೆ ಸೇರಿಸಿದಾಗ ದೊಡ್ಡ ಗದ್ದಲವಾಯಿತು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂವರೆಗೆ ಸೇವಿಸಬಹುದು ಎಂಬ ಹಳೆಯ ಮಿತಿಯನ್ನು ಆಗಲೂ ಹಾಗೆಯೇ ಉಳಿಸಲಾಯಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ‘2ಬಿ’ ಗುಂಪಿನಲ್ಲಿದೆ. ನಮ್ಮ ಮಲೆನಾಡು, ಕರಾವಳಿಯ ಬದುಕಿಗೆ ಆಧಾರವಾದ ಅಡಿಕೆ ಮಾತ್ರ ಸಾಕ್ಷ್ಯ ಗಟ್ಟಿಯಾಗಿರುವ ಮೊದಲನೆಯ ಗುಂಪಿನಲ್ಲಿದೆ. ಬೆಳೆಗಾರರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆಸ್ಪರ್ಟೇಮ್ ಸುದ್ದಿಗೆ ಬೆಚ್ಚಿ, ಬಾಯಿ ಕ್ಯಾನ್ಸರ್‌ಗೂ ಅಡಿಕೆ ಜಗಿಯುವುದಕ್ಕೂ ಇರುವ ನಂಟನ್ನು ಕಡೆಗಣಿಸುವುದು ಸಾಕ್ಷ್ಯವನ್ನು ತಲೆಕೆಳಗಾಗಿ ಓದಿದಂತೆ.

ಇನ್ನೊಬ್ಬರು ಮಾಡಿ ನೋಡಿದಾಗ ಏನಾಯಿತು

ಭಾವನೆಗಳ ಕುರಿತ ಸಂಶೋಧನೆಗೆ ಈ ಪ್ರಶ್ನೆ ಪ್ರಾಣವಿದ್ದಂತೆ. 1988ರಲ್ಲಿ ಜರ್ಮನಿಯ ಫ್ರಿಟ್ಜ್ ಸ್ಟ್ರಾಕ್ ಮತ್ತು ಸಂಗಡಿಗರು ಒಂದು ಜಾಣ ಪ್ರಯೋಗವನ್ನು ಪ್ರಕಟಿಸಿದರು. ಕೈ ಬಳಸಲಾಗದವರು ಪೆನ್ನನ್ನು ಬಾಯಿಂದ ಹೇಗೆ ಉಪಯೋಗಿಸಬಹುದು ಎಂಬ ಅಧ್ಯಯನವಿದು ಎಂದು ಭಾಗವಹಿಸಿದವರಿಗೆ ಹೇಳಲಾಗಿತ್ತು. ಕೆಲವರು ಪೆನ್ನನ್ನು ಹಲ್ಲುಗಳ ನಡುವೆ ಹಿಡಿದರು. ಹಾಗೆ ಹಿಡಿದಾಗ ಅರಿವಿಲ್ಲದೆಯೇ ನಗುವಿನ ಸ್ನಾಯುಗಳು ಕೆಲಸ ಮಾಡುತ್ತವೆ. ಕೆಲವರು ತುಟಿಗಳಿಂದ ಹಿಡಿದರು. ಆಗ ನಗುವುದು ಸಾಧ್ಯವಿಲ್ಲ. ಹಾಗೆ ಹಿಡಿದಿರುವಾಗಲೇ ವ್ಯಂಗ್ಯಚಿತ್ರಗಳನ್ನು ತೋರಿಸಿ ಎಷ್ಟು ತಮಾಷೆಯಾಗಿವೆ ಎಂದು 0ಯಿಂದ 9ರವರೆಗೆ ಅಂಕ ಕೊಡಲು ಕೇಳಿದಾಗ, ಹಲ್ಲಿನಲ್ಲಿ ಹಿಡಿದವರ ಸರಾಸರಿ 5.14, ತುಟಿಯಲ್ಲಿ ಹಿಡಿದವರದು 4.32. ಮುಖದ ಸ್ನಾಯು ಮನಸ್ಸಿನ ಭಾವವನ್ನು ಪ್ರಭಾವಿಸುತ್ತದೆ ಎಂಬ ಮಾತಿಗೆ ನಿದರ್ಶನವಾಗಿ ಇದು ಪಠ್ಯಪುಸ್ತಕಗಳನ್ನು ಸೇರಿತು.

2016ರಲ್ಲಿ 17 ಪ್ರಯೋಗಾಲಯಗಳು 1,894 ಜನರ ಮೇಲೆ ಇದನ್ನೇ ಮತ್ತೆ ಮಾಡಿದಾಗ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಬರೀ 0.03 ಅಂಕಕ್ಕೆ ಇಳಿದಿತ್ತು. ಮರುಪ್ರಯೋಗದಲ್ಲಿ ಕ್ಯಾಮೆರಾ ಇಟ್ಟಿದ್ದರಿಂದ ಜನ ಮುಜುಗರಗೊಂಡು ಫಲಿತಾಂಶ ಕೆಟ್ಟಿರಬಹುದೆಂದು ಸ್ಟ್ರಾಕ್ ವಾದಿಸಿದರು. ಆಮೇಲೆ ಈ ಮಾತನ್ನು ಒಪ್ಪುವವರೂ ಒಪ್ಪದವರೂ ಒಟ್ಟಿಗೆ ಕುಳಿತು ವಿಧಾನವನ್ನು ರೂಪಿಸಿ, 19 ದೇಶಗಳ 3,878 ಜನರನ್ನು ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ನಗುಮುಖದ ಚಿತ್ರ ನೋಡಿ ಅನುಕರಿಸಿದಾಗ ಅಥವಾ ಹೇಳಿದಂತೆ ಮುಖದ ಸ್ನಾಯುಗಳನ್ನು ಚಲಿಸಿದಾಗ ಸಂತೋಷ ಸ್ವಲ್ಪ ಹೆಚ್ಚಿತು. ಪೆನ್ನಿನ ವಿಧಾನದಲ್ಲಿ ಮಾತ್ರ ಖಚಿತ ಉತ್ತರ ಸಿಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷಗಳ ಈ ಹಾದಿಯಲ್ಲಿ ಯಾವ ವರ್ಷದ ಸುದ್ದಿ ಕೈಗೆ ಸಿಕ್ಕಿತೋ ಅದರಂತೆ ಓದುಗನ ಅಭಿಪ್ರಾಯ ಬೇರೆಯಾಗುತ್ತಿತ್ತು. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮರುಪರೀಕ್ಷೆ ಮಾಡಿದಾಗ ಮರುಪ್ರಯೋಗಗಳಲ್ಲಿ ಶೇ 36ರಷ್ಟರಲ್ಲಿ ಮಾತ್ರ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅರ್ಥವುಳ್ಳ ಫಲಿತಾಂಶ ಬಂದಿತ್ತು. ಹಾಗಾಗಿ ಸಿಟ್ಟು, ದುಃಖ, ಸಂತೋಷದ ಬಗ್ಗೆ ಒಂದೇ ಅಧ್ಯಯನದ ಸುದ್ದಿ ಬಂದರೆ, ಪಬ್‌ಮೆಡ್‌ನಲ್ಲಿ ವಿಷಯದ ಹೆಸರಿನ ಜೊತೆ ‘ರೆಪ್ಲಿಕೇಶನ್’ (ಮರುಪ್ರಯೋಗ) ಅಥವಾ ‘ಮೆಟಾ ಅನಾಲಿಸಿಸ್’ (ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ) ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಸೇರಿಸಿ ಹುಡುಕಿ.

ಆಕಾಶದ ಸುದ್ದಿಯಲ್ಲೂ ಇದೇ ನಿಯಮ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವು ಕಂಡಿದೆ ಎಂದಿತು. ಭೂಮಿಯಲ್ಲಿ ಇದನ್ನು ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ. ಸಂಕೇತದ ಬಲ ‘ಮೂರು ಸಿಗ್ಮಾ’ ಎಂದು ಪ್ರಬಂಧ ಹೇಳಿತ್ತು, ಅಂದರೆ ಬರೀ ಆಕಸ್ಮಿಕ ಗದ್ದಲದಿಂದ ಇಂಥ ಸಂಕೇತ ಮೂಡುವ ಸಾಧ್ಯತೆ ಸುಮಾರು ಶೇ 0.3. ಇದನ್ನು ‘ಜೀವ ಇರುವ ಸಾಧ್ಯತೆ ಶೇ 99.7’ ಎಂದು ಓದುವುದು ದೊಡ್ಡ ತಪ್ಪು. ವಿಜ್ಞಾನಿಗಳು ಆವಿಷ್ಕಾರ ಎನ್ನಲು ಐದು ಸಿಗ್ಮಾ ಬಯಸುತ್ತಾರೆ. ಅದೇ ದತ್ತಾಂಶವನ್ನು ಬೇರೆ ತಂಡಗಳು ವಿಶ್ಲೇಷಿಸಿದಾಗ ಸಂಕೇತ ದುರ್ಬಲವಾಗಿ ಕಂಡಿತು. ಜೀವವೇ ಇಲ್ಲದ ಧೂಮಕೇತುವಿನಲ್ಲೂ ಈ ಅನಿಲ ಪತ್ತೆಯಾಗಿದೆ.

ಇದಕ್ಕೆ ಎದುರಾಗಿ, ಇಸ್ರೋದ ಚಂದ್ರಯಾನ-1ರ ಕಥೆಯನ್ನು ನೋಡಿ. ಅದರಲ್ಲಿದ್ದ ನಾಸಾದ ‘ಮೂನ್ ಮಿನರಾಲಜಿ ಮ್ಯಾಪರ್’ ಉಪಕರಣ ಚಂದ್ರನ ನೆಲದಿಂದ ಪ್ರತಿಫಲಿಸಿದ ಬೆಳಕಿನಲ್ಲಿ ನೀರು ಅಥವಾ ಹೈಡ್ರಾಕ್ಸಿಲ್‌ನ (ಆಮ್ಲಜನಕ ಮತ್ತು ಜಲಜನಕದ ಜೋಡಿ) ಗುರುತನ್ನು ಕಂಡಿತ್ತು. ಆದರೆ ಗುರುತು ಇದ್ದದ್ದು ಆ ಉಪಕರಣ ನೋಡಬಲ್ಲ ತರಂಗಾಂತರದ ಅಂಚಿನಲ್ಲಿ, 3 ಮೈಕ್ರೋಮೀಟರ್‌ನ ಹತ್ತಿರ. ಅದರಾಚೆಗೂ ನೋಡಬಲ್ಲ ಎರಡು ನೌಕೆಗಳ ಮಾಹಿತಿ ಬೇಕಾಯಿತು: 1999ರಲ್ಲಿ ಚಂದ್ರನ ಪಕ್ಕದಲ್ಲಿ ಹಾದುಹೋಗಿದ್ದ ಕ್ಯಾಸಿನಿ ಮತ್ತು 2009ರ ಜೂನ್‌ನಲ್ಲಿ ಚಂದ್ರನನ್ನು ನೋಡಿದ ಡೀಪ್ ಇಂಪ್ಯಾಕ್ಟ್. ಮೂರೂ ನೌಕೆಗಳಿಗೆ ಅದೇ ಕಂಡ ಮೇಲೆ 2009ರ ಸೆಪ್ಟೆಂಬರ್‌ನಲ್ಲಿ ಪ್ರಬಂಧಗಳು ಒಟ್ಟಿಗೆ ಹೊರಬಂದವು. ಆ ಸುದ್ದಿಯನ್ನು ಅಂದು ನಂಬಿದವರು ಸರಿಯಾದ ಆಧಾರದ ಮೇಲೆಯೇ ನಂಬಿದರು.

ಓದಿದ ಮೇಲೆ

ಔಷಧ ಪ್ರಯೋಗದ ಸುದ್ದಿ ಭಾರತದ್ದಾಗಿದ್ದರೆ ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿ ತಾಣದಲ್ಲಿ ಅದನ್ನು ಹುಡುಕಿ. ಪ್ರಯೋಗ ಆರಂಭಿಸುವ ಮುನ್ನ ಏನನ್ನು ಅಳೆಯುತ್ತೇವೆಂದು ಹೇಳಿದ್ದರು, ಕೊನೆಗೆ ಏನನ್ನು ಪ್ರಚಾರ ಮಾಡಿದರು ಎಂದು ಹೋಲಿಸಬಹುದು. ಮನಸ್ಸಿಗೆ ಹತ್ತಿದ ಸುದ್ದಿಯ ಪ್ರಬಂಧದ ಶೀರ್ಷಿಕೆಯನ್ನು ಬರೆದಿಟ್ಟುಕೊಂಡು ಆಗಾಗ ಮತ್ತೆ ಹುಡುಕಿ. ಹಿಂಪಡೆದ ಪ್ರಬಂಧಗಳ ಮೇಲೆ ಪಬ್‌ಮೆಡ್ ಆ ಸೂಚನೆಯನ್ನು ಎದ್ದು ಕಾಣುವಂತೆ ಹಾಕುತ್ತದೆ. ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಬ್ಯಾಕ್ಟೀರಿಯಾ ರಂಜಕದ ಬದಲು ಆರ್ಸೆನಿಕ್ ಬಳಸಿ ಬೆಳೆಯುತ್ತದೆ ಎಂದು 2010ರಲ್ಲಿ ಬಂದ ಪ್ರಬಂಧವನ್ನು 2012ರಲ್ಲೇ ಎರಡು ತಂಡಗಳು ಅಲ್ಲಗಳೆದಿದ್ದರೂ, ‘ಸೈನ್ಸ್’ ಅದನ್ನು ಹಿಂಪಡೆದದ್ದು 2025ರ ಜುಲೈನಲ್ಲಿ, ಅದೂ ಲೇಖಕರ ಒಪ್ಪಿಗೆ ಇಲ್ಲದೆ.

ಸುದ್ದಿ ನೀವು ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧದ ಬಗ್ಗೆ ಇದ್ದರೆ, ಅದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಸಾರಾಂಶದ ಪ್ರತಿಯನ್ನು ತೆಗೆದುಕೊಂಡು ಹೋಗಿ ವೈದ್ಯರ ಮುಂದಿಡಿ, ಪ್ರಯೋಗದಲ್ಲಿ ಭಾಗವಹಿಸಿದವರ ವಯಸ್ಸು ಮತ್ತು ಕಾಯಿಲೆ ನಿಮ್ಮದಕ್ಕೆ ಹೊಂದುತ್ತವೆಯೇ ಎಂದು ಕೇಳಿ, ಹೊಂದುವುದಾದರೆ ನಿಮ್ಮಂಥ 100 ಮಂದಿಯಲ್ಲಿ ಎಷ್ಟು ಮಂದಿಗೆ ಲಾಭ ಅಥವಾ ಹಾನಿ ಆಗಬಹುದೆಂಬ ಲೆಕ್ಕವನ್ನು ಅವರಿಂದಲೇ ಬರೆಸಿಕೊಳ್ಳಿ.