ಕರಡು ನಿಯಮಕ್ಕೆ ಆಕ್ಷೇಪಣೆ: ನಾನು ಬರೆಯುವ ಬಗೆ

ಕಾರವಾರದ ಬೈತಖೋಲ, ಮಾಜಾಳಿ ಕಡೆಯ ಮೀನುಗಾರರಿಗೆ ಸರ್ಕಾರದ ಕರಡು ನಿಯಮಗಳ ಮೇಲೆ ಆಕ್ಷೇಪಣೆ ಬರೆದುಕೊಡುತ್ತೇನೆ. ಕೈಗೆ ಬಂದ ಕಾಗದ ಕರಡೋ ಆದೇಶವೋ ಎಂದು ಮೊದಲು ನೋಡಿಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ 1986ರ ಕಡಲ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯಡಿ ಆದೇಶವಾಗಿಯೇ ಬರುತ್ತದೆ. ಅದಕ್ಕೆ ಮನವಿ ಕೊಡಬಹುದು ಅಷ್ಟೇ. ಕರಡಾದರೆ ಆಕ್ಷೇಪಣೆ, ಸಲಹೆಗಳಿಗೆ ಇಷ್ಟು ದಿನ ಎಂದು ಅದರಲ್ಲೇ ಬರೆದಿರುತ್ತದೆ.

ಆ ಅವಧಿ ಸಾಮಾನ್ಯವಾಗಿ 30 ದಿನ, ಕೆಲವಕ್ಕೆ 15. ಹೆಚ್ಚಿನವರು ಎಡವುವುದು ಇಲ್ಲೇ. ಅಧಿಸೂಚನೆಯ ಸಂಖ್ಯೆಯ ಪಕ್ಕ ಇಲಾಖೆಯ ದಿನಾಂಕವೊಂದು, ರಾಜ್ಯಪತ್ರದ (ಸರ್ಕಾರಿ ಗೆಜೆಟ್) ತಲೆಯಲ್ಲಿ ಇನ್ನೊಂದು. ಲೆಕ್ಕಕ್ಕೆ ಬರುವುದು ರಾಜ್ಯಪತ್ರದ್ದು. ಜುಲೈ 3ರಂದು ಪ್ರಕಟವಾದರೆ ಆ ದಿನ ಬಿಟ್ಟು ಎಣಿಸಿ. ಆಗಸ್ಟ್ 2ಕ್ಕೆ 30 ತುಂಬುತ್ತದೆ. ಅಷ್ಟರೊಳಗೆ ಪತ್ರ ಕರಡಿನಲ್ಲಿ ಕೊಟ್ಟ ಬೆಂಗಳೂರಿನ ವಿಳಾಸಕ್ಕೇ ಮುಟ್ಟಿರಬೇಕು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡರೆ ಫೋಟೋಕ್ಕೆ ಚೆಂದ, ಕಡತಕ್ಕೆ ಸೇರುವ ಭರವಸೆಯಿಲ್ಲ. ನಾನು 20ನೇ ದಿನಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ಇಮೇಲನ್ನೂ ಕಳಿಸುತ್ತೇನೆ.

ಓದುವಾಗ ಪೀಠಿಕೆ ಬಿಡಬೇಡಿ. ಯಾವ ಕಾಯ್ದೆಯ ಯಾವ ಪ್ರಕರಣದ (ಸೆಕ್ಷನ್) ಅಧಿಕಾರದಿಂದ ನಿಯಮ ಮಾಡುತ್ತಿದ್ದಾರೆ ಎಂದು ಅಲ್ಲಿರುತ್ತದೆ. ಮೂಲ ಕಾಯ್ದೆ ಕೊಡದ ಅಧಿಕಾರವನ್ನು ನಿಯಮ ತಾನೇ ತೆಗೆದುಕೊಂಡಿದ್ದರೆ ಅದಕ್ಕಿಂತ ಗಟ್ಟಿ ಆಕ್ಷೇಪಣೆ ಇಲ್ಲ. ಮುಂದಿನದು ಪರಿಭಾಷೆ. ‘ಯಂತ್ರ ಅಳವಡಿಸಿದ ದೋಣಿ’ ಎಂದಷ್ಟೇ ಬರೆದಿದ್ದರೆ 10 ಅಶ್ವಶಕ್ತಿಯ ಮೋಟಾರು ಕಟ್ಟಿದ ನಾಡದೋಣಿಯೂ ಟ್ರಾಲರಿನ ಸಾಲಿಗೇ ಬಿತ್ತು. ಕೊನೆಗೆ ಕ್ರಿಯಾಪದ. ‘ನೀಡತಕ್ಕದ್ದು’ ಎಂದರೆ ಅಧಿಕಾರಿ ಕೊಡಲೇಬೇಕು; ‘ನೀಡಬಹುದು’ ಎಂದರೆ ಕೊಟ್ಟರೂ ಆಯಿತು, ಬಿಟ್ಟರೂ ಆಯಿತು. ನನ್ನ ಪೆನ್ಸಿಲ್ ಗೆರೆಗಳಲ್ಲಿ ಅರ್ಧದಷ್ಟು ಇಂಥ ‘ಬಹುದು’ಗಳ ಕೆಳಗೇ ಬೀಳುತ್ತವೆ.

ಬರೆಯುವಾಗ ಒಂದು ಉಪನಿಯಮಕ್ಕೆ ಒಂದು ಪುಟ: ಎಡಕ್ಕೆ ಕರಡಿನ ಮಾತು, ಬಲಕ್ಕೆ ನಾವು ಕೇಳುವ ಮಾತು, ಕೆಳಗೆ ನಾಲ್ಕು ಸಾಲಿನ ಕಾರಣ. ‘ಇಡೀ ಕರಡು ಕೈಬಿಡಿ’ ಎಂಬುದು ಘೋಷಣೆ. ಕಡತದಲ್ಲಿ ಅದಕ್ಕೆ ಟಿಪ್ಪಣಿ ಬರೆಯಲು ಏನೂ ಸಿಗುವುದಿಲ್ಲ. ಒಂದೇ ಒಕ್ಕಣೆಯ ನೂರು ಪತ್ರಗಳಿಗಿಂತ ಬೇರೆ ಬೇರೆ ತೊಂದರೆ ಹೇಳುವ ಐದು ಪತ್ರ ಮೇಲು.

ಉತ್ತರ ಬರುವುದೆಂದು ಕಾಯಬೇಡಿ. ಅಂತಿಮ ಅಧಿಸೂಚನೆಯ ಪೀಠಿಕೆ ನೋಡಿ. ನೀವು ಕಳಿಸಿದ್ದರೂ ‘ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ’ ಎಂದಿದ್ದರೆ ಅಂಚೆ ರಸೀದಿ ಕೆಲಸಕ್ಕೆ ಬರುತ್ತದೆ. 10 ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ಆ ಕಡತದ ಟಿಪ್ಪಣಿ ಹಾಳೆ ಕೇಳಿ. ನಿಯಮವನ್ನು ಆಮೇಲೆ ವಿಧಾನಮಂಡಲದ ಎರಡೂ ಸದನಗಳ ಮುಂದಿಡುತ್ತಾರೆ. ಟಿಪ್ಪಣಿ ಹಾಳೆಯ ಪ್ರತಿ, ರಸೀದಿ ಎರಡನ್ನೂ ಲಗತ್ತಿಸಿ ಶಾಸಕರ ಮೂಲಕ, ಇಂಥ ನಿಯಮಗಳನ್ನು ಪರಿಶೀಲಿಸುವ ಶಾಸಕರ ಸಮಿತಿಯಾದ ಅಧೀನ ಶಾಸನ ರಚನಾ ಸಮಿತಿಗೆ ಬರೆಯುವುದು ಆಗ.