ಹಳೇ ಕಂಪ್ಯೂಟರ್‌ಗೆ ಮನೆಯ ವೈಫೈ ಸಿಗುವಂತೆ ಮಾಡುವುದು

ಹತ್ತು ಹದಿನೈದು ವರ್ಷದ ಹಿಂದಿನ ಕಂಪ್ಯೂಟರ್ ಇನ್ನೂ ಚೆನ್ನಾಗಿಯೇ ಆನ್ ಆಗುತ್ತದೆ, ಅದರಲ್ಲಿ ಟೈಪ್ ಮಾಡಬಹುದು, ಹಾಡು ಕೇಳಬಹುದು, ಮಕ್ಕಳ ಕೈಗೆ ಕಲಿಯಲು ಕೊಡಬಹುದು, ಆದರೆ ವೈಫೈ ಮಾತ್ರ ಹಿಡಿಯುವುದಿಲ್ಲ. ಆಗ ಜಾಸ್ತಿ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಕಣ್ಣಿಗೆ ಬಿದ್ದ ಮೊದಲ ಯುಎಸ್‌ಬಿ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಚಿಕ್ಕ ವೈಫೈ ಸಾಧನ) ತಂದುಬಿಡುತ್ತಾರೆ, ಇಲ್ಲವೇ ರೌಟರ್ ಸೆಟ್ಟಿಂಗ್‌ಗೆ ಹೋಗಿ ಆ ಕಂಪ್ಯೂಟರ್ ಒಪ್ಪುವ ತನಕ ಭದ್ರತೆಯನ್ನು ಕಮ್ಮಿ ಮಾಡುತ್ತಾ ಹೋಗುತ್ತಾರೆ. ಸದ್ಯಕ್ಕೆ ಎರಡೂ ಬೇಡ. ಒಳಗೆ ಯಾವ ವೈಫೈ ಕಾರ್ಡ್, ಅಂದರೆ ವೈಫೈ ಹಿಡಿಯುವ ಭಾಗ, ಇದೆ ಅಂತ ಮೊದಲು ತಿಳಿದುಕೊಳ್ಳಿ. ಅದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆಯೇ.

ಲ್ಯಾಪ್‌ಟಾಪ್ ಆಗಿದ್ದರೆ ಅದಕ್ಕೂ ಮುಂಚೆ ಮುಂದಿನ ಮತ್ತು ಪಕ್ಕದ ಅಂಚುಗಳನ್ನು ಬೆರಳಿನಿಂದ ತಡವಿ ನೋಡಿ. ಎಷ್ಟೋ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ವೈಫೈಗೆ ಬೇರೆಯೇ ಸ್ವಿಚ್ ಇರುತ್ತದೆ. ಉಗುರಿನಿಂದ ಸರಿಸುವಷ್ಟು ಚಿಕ್ಕದು, ಯಾವತ್ತೋ ಬ್ಯಾಗಿಗೆ ಹಾಕುವಾಗ ಸರಿದು ಆಫ್ ಆಗಿರಬಹುದು. ಸ್ವಿಚ್ ಕಾಣದಿದ್ದರೆ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಆಂಟೆನಾ ಚಿತ್ರ ಇರುವ ಕೀ ಹುಡುಕಿ, ಎಫ್‌ಎನ್ ಕೀ ಜೊತೆಗೆ ಒತ್ತಿ. ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿದುಹೋಗುತ್ತದೆ.

ಮುಗಿಯದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್ ಒತ್ತಿದರೆ ಎಡಗಡೆ ಪಟ್ಟಿಯಲ್ಲಿ ಅದು ಸಿಗುತ್ತದೆ. ಅಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಎಂಬುದನ್ನು ಬಿಡಿಸಿ ನೋಡಿ. ವೈರ್‌ಲೆಸ್, ಡಬ್ಲ್ಯೂಲ್ಯಾನ್ ಅಥವಾ 802.11 ಅಂತ ಇರುವ ಹೆಸರು ಕಂಡರೆ ಕಾರ್ಡೂ ಇದೆ, ಅದನ್ನು ವಿಂಡೋಸ್ ಜೊತೆ ಕೆಲಸ ಮಾಡಿಸುವ ಸಾಫ್ಟ್‌ವೇರ್ ಆದ ಡ್ರೈವರೂ ಇದೆ. ಆ ಹೆಸರಿನ ಮೇಲೆ ಕೆಳಮುಖದ ಬಾಣವೋ ಕೆಂಪು ಗುರುತೋ ಇದ್ದರೆ ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ ಅಷ್ಟೇ, ರೈಟ್ ಕ್ಲಿಕ್ ಮಾಡಿ ಎನೇಬಲ್ ಮಾಡಿ. ಹೆಸರೇ ಇಲ್ಲ, ಆದರೆ ಅದರ್ ಡಿವೈಸಸ್ ಕೆಳಗೆ ಹಳದಿ ಗುರುತು ಹೊತ್ತ ನೆಟ್‌ವರ್ಕ್ ಕಂಟ್ರೋಲರ್ ಕೂತಿದೆ ಅಂದರೆ ಕಾರ್ಡ್ ಇದೆ, ಡ್ರೈವರ್ ಇಲ್ಲ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಹಾರ್ಡ್‌ವೇರ್ ಐಡೀಸ್ ಆರಿಸಿ. ಒಂದು ಉದ್ದನೆಯ ಸಾಲು ಬರುತ್ತದೆ. ಅದರಲ್ಲಿ ವೆನ್ (VEN) ಪಕ್ಕದ ನಾಲ್ಕು ಅಕ್ಷರ ಚಿಪ್ ಮಾಡಿದವರದು, ಡೆವ್ (DEV) ಪಕ್ಕದ ನಾಲ್ಕು ಅಕ್ಷರ ಮಾಡೆಲ್‌ನದು. ವೆನ್ ಪಕ್ಕ 8086 ಇದ್ದರೆ ಇಂಟೆಲ್, 10ಇಸಿ (10EC) ಇದ್ದರೆ ರಿಯಲ್‌ಟೆಕ್, 14ಇ4 (14E4) ಇದ್ದರೆ ಬ್ರಾಡ್‌ಕಾಮ್, 168ಸಿ (168C) ಇದ್ದರೆ ಅಥೆರೋಸ್. ಆ ಎಂಟೂ ಅಕ್ಷರ ಬರೆದಿಟ್ಟುಕೊಂಡು ಹುಡುಕಿದರೆ ಕಾರ್ಡಿನ ಹೆಸರು ಸಿಕ್ಕೇ ಸಿಗುತ್ತದೆ. ಡ್ರೈವರ್ ತಾನೇ ಹುಡುಕಿ ಹಾಕಿಕೊಡುತ್ತೇನೆ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳ ಸಹವಾಸ ಬೇಡ, ಅವು ಡ್ರೈವರ್ ಜೊತೆ ಬೇಡದ್ದನ್ನೂ ತಂದು ತುಂಬುತ್ತವೆ. ಕಂಪ್ಯೂಟರ್ ತಯಾರಿಸಿದ ಕಂಪನಿಯ ಸೈಟ್‌ನಲ್ಲಿ ನಿಮ್ಮ ಮಾಡೆಲ್ ನಂಬರ್ ಹಾಕಿ ಅಲ್ಲಿಂದಲೇ ತೆಗೆದುಕೊಳ್ಳಿ, ಸಿಗದಿದ್ದರೆ ಚಿಪ್ ಕಂಪನಿಯ ಸೈಟ್ ನೋಡಿ. ವಿಂಡೋಸ್ 32 ಬಿಟ್ಟೋ 64 ಬಿಟ್ಟೋ ಅಂತ ಮೊದಲೇ ನೋಡಿಕೊಳ್ಳಿ, ಒಂದರ ಡ್ರೈವರ್ ಇನ್ನೊಂದಕ್ಕೆ ಕೂರುವುದಿಲ್ಲ.

ಇಂಟರ್‌ನೆಟ್ ಇಲ್ಲದ ಕಂಪ್ಯೂಟರ್‌ಗೆ ಇಂಟರ್‌ನೆಟ್‌ನಿಂದ ಡ್ರೈವರ್ ತರುವುದು ಹೇಗೆ ಅಂತೀರಾ? ಬೇರೆ ಕಂಪ್ಯೂಟರ್ ಇದ್ದರೆ ಪೆನ್‌ಡ್ರೈವ್ ಸಾಕು. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನ್ ವೈಫೈಯಲ್ಲಿದ್ದರೆ ಸಾಮಾನ್ಯವಾಗಿ ಅದೇ ವೈಫೈಯನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ದಾಟಿಸುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ವಿಂಡೋಸ್ 7ರಿಂದ ಈಚೆಗೆ ಮತ್ತು ಲಿನಕ್ಸ್‌ನಲ್ಲಿ (ವಿಂಡೋಸ್ ಬದಲು ಹಾಕಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್) ಇದು ಸಾಮಾನ್ಯವಾಗಿ ತಾನಾಗಿಯೇ ಕೆಲಸ ಮಾಡುತ್ತದೆ. ವಿಂಡೋಸ್ ಎಕ್ಸ್‌ಪಿ ಆದರೆ ಪೆನ್‌ಡ್ರೈವ್ ದಾರಿಯೇ ವಾಸಿ.

ಕಾರ್ಡ್ ಇದೆ, ಡ್ರೈವರ್ ಇದೆ, ಪಕ್ಕದ ಮನೆಯವರ ವೈಫೈಗಳೆಲ್ಲ ಪಟ್ಟಿಯಲ್ಲಿ ಕಾಣುತ್ತವೆ, ನಮ್ಮದು ಮಾತ್ರ ಕಾಣುವುದಿಲ್ಲ. ಇದು ತುಂಬಾ ಜನಕ್ಕೆ ತಲೆ ತಿನ್ನುವ ವಿಷಯ. ಕಾರಣ ಸಾಮಾನ್ಯವಾಗಿ ರೌಟರ್ ಕಡೆಯದು. 802.11 ಅಂದರೆ ವೈಫೈಯ ತಾಂತ್ರಿಕ ಹೆಸರು, ಕೊನೆಯ ಅಕ್ಷರ ಅದರ ಪೀಳಿಗೆ. 1999ರ 802.11ಬಿ ಮತ್ತು 2003ರ 802.11ಜಿ ಕಾರ್ಡ್‌ಗಳಿಗೆ 2.4 ಗಿಗಾಹರ್ಟ್ಸ್ ಎಂಬ ರೇಡಿಯೋ ಬ್ಯಾಂಡ್ ಬಿಟ್ಟು ಬೇರೆ ಗೊತ್ತಿಲ್ಲ. 2009ರಲ್ಲಿ 802.11ಎನ್ ಬಂದ ಮೇಲೂ ಅಗ್ಗದ ಕಾರ್ಡ್‌ಗಳೆಲ್ಲ 2.4ರಲ್ಲೇ ಉಳಿದವು. ನಿಮ್ಮ ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದರೆ ಈ ಕಾರ್ಡ್‌ಗಳ ಪಾಲಿಗೆ ನಿಮ್ಮ ವೈಫೈ ಇಲ್ಲವೇ ಇಲ್ಲ. ರೌಟರ್ ಪೇಜಿಗೆ (ಬ್ರೌಸರ್‌ನಲ್ಲಿ ತೆರೆಯುವ ರೌಟರ್ ಸೆಟ್ಟಿಂಗ್) ಹೋಗಿ 2.4 ಆನ್ ಮಾಡಿ, ಎರಡು ಬ್ಯಾಂಡ್‌ಗೂ ಒಂದೇ ಹೆಸರು ಇದ್ದರೆ 2.4ಕ್ಕೆ ಬೇರೆ ಹೆಸರು ಕೊಡಿ, ಆಗ ಯಾವುದಕ್ಕೆ ಕನೆಕ್ಟ್ ಆಗುತ್ತಿದೆ ಎಂದು ನಿಮಗೂ ತಿಳಿಯುತ್ತದೆ. ಹೆಸರಲ್ಲಿ ಇಮೋಜಿ ಗಿಮೋಜಿ ಬೇಡ, ಸಾದಾ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಸಾಕು.

ಇನ್ನೊಂದು ಕಾರಣ ಚಾನೆಲ್, ಅಂದರೆ ಬ್ಯಾಂಡಿನೊಳಗಿನ ಸಣ್ಣ ಪಾಲು. ಕೆಲವು ಹಳೇ ಕಾರ್ಡ್‌ಗಳು 1ರಿಂದ 11ರ ತನಕದ ಚಾನೆಲ್ ಮಾತ್ರ ನೋಡುತ್ತವೆ. ರೌಟರ್ ಆಟೋದಲ್ಲಿದ್ದು 12ಕ್ಕೋ 13ಕ್ಕೋ ಹೋಗಿ ಕೂತರೆ ನಿನ್ನೆ ಸಿಗುತ್ತಿದ್ದ ವೈಫೈ ಇವತ್ತು ಮಾಯ. ಆಟೋ ತೆಗೆದು 1, 6, 11ರಲ್ಲಿ ಒಂದನ್ನು ಇಟ್ಟುಬಿಡಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್ ಮಾಡಿ. ಇದಿಷ್ಟು ಮಾಡಿಯೂ ಕಾಣುತ್ತಿಲ್ಲ, ರೌಟರ್ ಹೊಸ ವೈಫೈ 6ರದು ಅಂದರೆ, ಎಎಕ್ಸ್ ಮೋಡ್ (ವೈಫೈ 6ರ ತಾಂತ್ರಿಕ ಹೆಸರು 802.11ಎಎಕ್ಸ್) ಮೇಲೆ ಅನುಮಾನ ಪಡಿ. ಇಂಟೆಲ್‌ನ ಕೆಲವು ಹಳೇ ಕಾರ್ಡ್‌ಗಳು ಹಳೇ ಡ್ರೈವರ್ ಇರುವ ತನಕ ಅಂಥ ನೆಟ್‌ವರ್ಕನ್ನು ಪಟ್ಟಿಯಲ್ಲಿ ತೋರಿಸುವುದೇ ಇಲ್ಲ. ಡ್ರೈವರ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ. ಅಪ್‌ಡೇಟ್ ಸಿಗದಿದ್ದರೆ 2.4 ಬ್ಯಾಂಡ್‌ನಲ್ಲಿ ಮಾತ್ರ ಎಎಕ್ಸ್ ಆಫ್ ಮಾಡಿ, ನಿಮ್ಮ ಹೊಸ ಫೋನ್‌ಗಳು 5ರಲ್ಲಿ ಹಾಯಾಗಿರುತ್ತವೆ.

ಇನ್ನು, ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೀರಿ, ಆದರೂ ಕನೆಕ್ಟ್ ಆಗುವುದಿಲ್ಲ. ಇಲ್ಲಿ ಸಮಸ್ಯೆ ಭದ್ರತೆಯದು. 2018ರಲ್ಲಿ ಬಂದ ಡಬ್ಲ್ಯೂಪಿಎ3 ಎಂಬ ವೈಫೈ ಭದ್ರತಾ ವಿಧಾನ ಹಳೇ ಕಾರ್ಡ್‌ಗಳಿಗೆ ಅರ್ಥವಾಗುವುದಿಲ್ಲ, ವಿಂಡೋಸ್ 7ಕ್ಕೂ ಬರುವುದಿಲ್ಲ. ರೌಟರ್‌ನಲ್ಲಿ ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡೂ ಸೇರಿದ ಮೋಡ್ ಇಟ್ಟು ನೋಡಿ. ಆಗಲೂ ಒಪ್ಪದಿದ್ದರೆ ಪಿಎಂಎಫ್ ಅಥವಾ ಪ್ರೊಟೆಕ್ಟೆಡ್ ಮ್ಯಾನೇಜ್‌ಮೆಂಟ್ ಫ್ರೇಮ್ಸ್ ಎಂಬ ಸೆಟ್ಟಿಂಗ್ ಹುಡುಕಿ, ರಿಕ್ವೈರ್ಡ್ ಅಂತ ಇದ್ದರೆ ಆಪ್ಷನಲ್ ಮಾಡಿ. ಕೊನೆಗೆ 2.4 ಬ್ಯಾಂಡ್‌ಗೆ ಅಥವಾ ಗೆಸ್ಟ್ ನೆಟ್‌ವರ್ಕ್‌ಗೆ (ಅತಿಥಿಗಳಿಗೆಂದು ರೌಟರ್ ಕೊಡುವ ಬೇರೆ ವೈಫೈ) ಬರೀ ಡಬ್ಲ್ಯೂಪಿಎ2, ಅದರಲ್ಲಿ ಎಇಎಸ್ ಎಂಬ ಗೂಢಲಿಪಿ ಆಯ್ಕೆ ಇಡಿ. ಎಕ್ಸ್‌ಪಿ ಇದ್ದವರು ಸರ್ವಿಸ್ ಪ್ಯಾಕ್ 3 ಇದೆಯಾ ಎಂದು ಮೊದಲು ನೋಡಿ, ಡಬ್ಲ್ಯೂಪಿಎ2 ಅದರ ಜೊತೆಗೇ ಬರುತ್ತದೆ, ಸರ್ವಿಸ್ ಪ್ಯಾಕ್ 2ರಲ್ಲಿ ಬೇರೆಯಾಗಿ ಹಾಕಬೇಕಿತ್ತು.

ಇಲ್ಲಿಂದ ಕೆಳಗೆ ಇಳಿಯಬೇಡಿ. ರೌಟರ್ ಪಟ್ಟಿಯಲ್ಲಿ ಡಬ್ಲ್ಯೂಇಪಿ ಎಂಬ ಹಳೇ ಭದ್ರತೆಯ ಆಯ್ಕೆ ಇನ್ನೂ ಇರಬಹುದು, ಅದನ್ನು ಆರಿಸಿದ ತಕ್ಷಣ ಹಳೇ ಕಾರ್ಡ್ ಖುಷಿಯಾಗಿ ಕನೆಕ್ಟ್ ಆಗಲೂಬಹುದು, ಆದರೆ ಅದರ ದೋಷ 2001ರಲ್ಲೇ ಬಯಲಾಗಿದೆ, ಇವತ್ತು ಅದರ ಪಾಸ್‌ವರ್ಡ್ ಒಡೆಯಲು ಕೆಲವೇ ನಿಮಿಷ ಸಾಕು. ಒಂದು ಹಳೇ ಡಬ್ಬಕ್ಕೋಸ್ಕರ ಮನೆಯವರೆಲ್ಲರ ಫೋನು, ಬ್ಯಾಂಕಿನ ವ್ಯವಹಾರ ಇರುವ ನೆಟ್‌ವರ್ಕ್‌ನ ಬಾಗಿಲು ತೆರೆದಿಡುವುದು ಖಂಡಿತ ಬೇಡ. ಎಇಎಸ್‌ಗಿಂತ ಹಳೆಯದಾದ ಡಬ್ಲ್ಯೂಪಿಎ ಟಿಕೆಐಪಿಯೂ ಬೇಡ, ಅದರಲ್ಲಿ ಭದ್ರತೆಯೂ ಕಮ್ಮಿ, ವೇಗವೂ 54 ಮೆಗಾಬಿಟ್ ದಾಟುವುದಿಲ್ಲ. ಕಾರ್ಡ್ ಡಬ್ಲ್ಯೂಪಿಎ2 ಒಪ್ಪುವುದೇ ಇಲ್ಲ ಅಂದರೆ ಬದಲಾಯಿಸಬೇಕಾದ್ದು ಕಾರ್ಡನ್ನು.

ಡಾಂಗಲ್ ತರುವ ಮಾತು ಈಗ ಬಂತು. ಡಬ್ಬದ ಮೇಲೆ ಬರೆದ ವೇಗ ನೋಡಿ ಮರುಳಾಗಬೇಡಿ. ನಿಮ್ಮ ವಿಂಡೋಸ್‌ನ ಹೆಸರು ಆ ಡಬ್ಬದ ಮೇಲೆ ಅಥವಾ ಕಂಪನಿಯ ಡ್ರೈವರ್ ಪೇಜಿನಲ್ಲಿ ಇದೆಯಾ, ಅದೊಂದೇ ಮುಖ್ಯ. ಹೊಸ ಡಾಂಗಲ್‌ಗಳಲ್ಲಿ ಎಷ್ಟೋ ವಿಂಡೋಸ್ 10ಕ್ಕಿಂತ ಕೆಳಗೆ ಡ್ರೈವರ್ ಕೊಡುವುದಿಲ್ಲ. ಲಿನಕ್ಸ್ ಹಾಕಿದ್ದರೆ ಅಥೆರೋಸ್ ಎಆರ್9271 ಚಿಪ್ ಇರುವ ಡಾಂಗಲ್ ಹುಡುಕಿ, ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ. ಕಂಪ್ಯೂಟರ್‌ನಲ್ಲಿ ಯುಎಸ್‌ಬಿ 2.0 ಇದೆಯಾ ಎಂದೂ ನೋಡಬೇಕು. ಡಿವೈಸ್ ಮ್ಯಾನೇಜರ್‌ನ ಯುಎಸ್‌ಬಿ ಪಟ್ಟಿಯಲ್ಲಿ ಎನ್‌ಹಾನ್ಸ್‌ಡ್ ಎಂಬ ಪದ ಕಂಡರೆ ಇದೆ. ಬರೀ 1.1 ಆದರೆ 12 ಮೆಗಾಬಿಟ್‌ಗಿಂತ ಮೇಲೆ ಹೋಗುವುದಿಲ್ಲ, ಅಂಥ ಡೆಸ್ಕ್‌ಟಾಪ್‌ಗೆ ಪಿಸಿಐ ಕಾರ್ಡ್ (ಪೆಟ್ಟಿಗೆಯೊಳಗೆ ಮದರ್‌ಬೋರ್ಡ್‌ಗೆ ಚುಚ್ಚುವ ವೈಫೈ ಕಾರ್ಡ್) ಹಾಕುವುದು ಒಳ್ಳೆಯದು. ಲ್ಯಾಪ್‌ಟಾಪ್‌ನ ಒಳಗಿನ ಕಾರ್ಡನ್ನೇ ಬದಲಿಸುವ ಯೋಚನೆ ಇದ್ದರೆ ಒಂದು ಎಚ್ಚರಿಕೆ, ಕೆಲವು ಮಾಡೆಲ್‌ಗಳ ಬಯೋಸ್ (ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಪ್ರೋಗ್ರಾಂ) ತನ್ನ ಪಟ್ಟಿಯಲ್ಲಿ ಇಲ್ಲದ ಕಾರ್ಡನ್ನು ಒಪ್ಪುವುದಿಲ್ಲ, ಆನ್ ಆಗುವಾಗಲೇ ತಕರಾರು ತೆಗೆಯುತ್ತದೆ.

ಡಾಂಗಲ್ ಚುಚ್ಚಿದಾಗ ವೈಫೈ ಬರುವ ಬದಲು ಹೊಸದೊಂದು ಸಿಡಿ ಡ್ರೈವ್ ಕಾಣಿಸಿಕೊಂಡರೆ ಗಾಬರಿಯಾಗಬೇಡಿ. ಡ್ರೈವರ್ ಫೈಲ್‌ಗಳು ಆ ಡಾಂಗಲ್ ಒಳಗೇ ಇವೆ ಅಂತ ಅರ್ಥ. ಅದನ್ನು ತೆರೆದು ಸೆಟಪ್ ಓಡಿಸಿ, ಮುಗಿದ ಮೇಲೆ ಡಾಂಗಲ್ ತಾನಾಗಿ ವೈಫೈ ಕಾರ್ಡ್ ಆಗಿ ಬದಲಾಗುತ್ತದೆ. ಬದಲಾಗದಿದ್ದರೆ ಆ ಸಿಡಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಒತ್ತಿ ನೋಡಿ. ಮತ್ತೆ, ಡೆಸ್ಕ್‌ಟಾಪ್‌ನ ಹಿಂಬದಿಯಲ್ಲಿ ಚುಚ್ಚಿದರೆ ಕಬ್ಬಿಣದ ಪೆಟ್ಟಿಗೆಯೇ ಸಿಗ್ನಲ್‌ಗೆ ಅಡ್ಡ ನಿಲ್ಲುತ್ತದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತನ್ನಿ. ಯುಎಸ್‌ಬಿ 3.0 ಪೋರ್ಟ್ ಮತ್ತು ಕೇಬಲ್‌ಗಳಿಂದ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಹೊರಡುತ್ತದೆ, ಆದ್ದರಿಂದ ಅಂಥವು ಪಕ್ಕದಲ್ಲಿದ್ದರೂ ಇದೇ ಉಪಾಯ.

ಯಾವ ಡ್ರೈವರೂ ಸಿಗದಷ್ಟು ಹಳೆಯದಾಗಿದ್ದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಬೇರೆ. ಲ್ಯಾನ್ ಪೋರ್ಟ್ ಇರುವ ವೈಫೈ ರಿಪೀಟರ್ ತೆಗೆದುಕೊಳ್ಳಿ, ಅಥವಾ ಮನೆಯಲ್ಲಿ ಸುಮ್ನೆ ಬಿದ್ದಿರುವ ಇನ್ನೊಂದು ರೌಟರ್‌ನಲ್ಲಿ ಕ್ಲೈಂಟ್ ಅಥವಾ ಬ್ರಿಡ್ಜ್ ಮೋಡ್ (ಬೇರೆ ವೈಫೈಗೆ ತಾನೇ ಕನೆಕ್ಟ್ ಆಗುವ ವಿಧಾನ) ಇದ್ದರೆ ಅದನ್ನೇ ಬಳಸಿ. ಫೋನಿನಿಂದ ಅದನ್ನು ನಿಮ್ಮ ವೈಫೈಗೆ ಕನೆಕ್ಟ್ ಮಾಡಿ, ಅಲ್ಲಿಂದ ಒಂದು ಲ್ಯಾನ್ ಕೇಬಲ್ ಎಳೆದು ಕಂಪ್ಯೂಟರ್‌ಗೆ ಚುಚ್ಚಿದರೆ ಆಯಿತು. ವೈಫೈಯ ತಲೆನೋವೆಲ್ಲ ಆ ಪೆಟ್ಟಿಗೆಯದು, ಕಂಪ್ಯೂಟರ್‌ಗೆ ಕಾಣುವುದು ಬರೀ ಕೇಬಲ್. ಲ್ಯಾನ್ ಕಾರ್ಡ್ ಕೆಲಸ ಮಾಡುತ್ತಿದ್ದರೆ ಬೇರೆ ಡ್ರೈವರ್ ಬೇಡ, ವಿಂಡೋಸ್ 98 ಇದ್ದರೂ ನಡೆಯುತ್ತದೆ, ಆ ಪೆಟ್ಟಿಗೆಗೆ ಡಬ್ಲ್ಯೂಪಿಎ3 ಬರುತ್ತಿದ್ದರೆ ಮನೆಯ ಭದ್ರತೆಯನ್ನೂ ಮುಟ್ಟಬೇಕಿಲ್ಲ.

ಕನೆಕ್ಟೆಡ್ ಅಂತ ತೋರಿಸುತ್ತದೆ, ಪೇಜ್ ತೆರೆಯುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಅಂತ ಟೈಪ್ ಮಾಡಿ ಎಂಟರ್ ಕೊಡಿ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ಸಂಖ್ಯೆ) 169.254 ಎಂದು ಶುರುವಾದರೆ ರೌಟರ್‌ನಿಂದ ವಿಳಾಸವೇ ಬಂದಿಲ್ಲ. ಯಾವತ್ತೋ ಕೈಯಿಂದ ಹಾಕಿದ ಐಪಿ ಉಳಿದಿದ್ದರೂ ಪೇಜ್ ತೆರೆಯುವುದಿಲ್ಲ, ಹಾಗಾಗಿ ಟಿಸಿಪಿ/ಐಪಿ ಸೆಟ್ಟಿಂಗನ್ನು ಆಟೋಮ್ಯಾಟಿಕ್ ಮಾಡಿ, ವೈಫೈ ಮರೆತು ಮತ್ತೆ ಕನೆಕ್ಟ್ ಮಾಡಿ. ವಿಳಾಸ ಸರಿ ಇದ್ದರೆ ಗಡಿಯಾರ ನೋಡಿ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಆಗ ಬ್ರೌಸರ್ ಪ್ರತಿ ಸೈಟಿಗೂ ಸರ್ಟಿಫಿಕೇಟ್ ತಪ್ಪು ಅನ್ನುತ್ತದೆ. ತಾರೀಖು ಸರಿ ಮಾಡಿ, ಬ್ಯಾಟರಿ ಬದಲಿಸಿ, ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್2032. ಎಕ್ಸ್‌ಪಿಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಂತೂ ಇವತ್ತಿನ ಬಹಳಷ್ಟು ಸೈಟ್ ತೆರೆಯುವುದೇ ಇಲ್ಲ, ಅದು ವೈಫೈಯ ತಪ್ಪಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ನಿಂತಿದೆ. ಇವೆರಡರಲ್ಲಿ ಬ್ಯಾಂಕ್ ಕೆಲಸ ಮಾಡಲೇಬೇಡಿ, ಆ ಕಂಪ್ಯೂಟರನ್ನು ಗೆಸ್ಟ್ ನೆಟ್‌ವರ್ಕ್‌ನಲ್ಲಿ ಇಡಿ.

ಹಗುರವಾದ ಒಂದು ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ಲೈವ್ ಆಗಿ ಓಡಿಸಿ ನೋಡುವುದನ್ನು ಎಲ್ಲರಿಗೂ ಹೇಳುತ್ತೇನೆ. ಅದರಲ್ಲಿ ವೈಫೈ ಸಿಕ್ಕರೆ ಕಾರ್ಡ್ ಚೆನ್ನಾಗಿದೆ, ತೊಂದರೆ ವಿಂಡೋಸ್ ಅಥವಾ ಡ್ರೈವರ್‌ನದು. ಬ್ರಾಡ್‌ಕಾಮ್ ಕಾರ್ಡ್‌ಗಳಿಗೆ ಮಾತ್ರ ಎಷ್ಟೋ ಸಲ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್) ಬೇರೆಯಾಗಿ ಹಾಕಬೇಕಾಗುತ್ತದೆ, ಅದು ಹಾಕದೆ ಕಾರ್ಡ್ ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ.

ಎಲ್ಲ ಆದ ಮೇಲೂ ಸ್ವಲ್ಪ ಹೊತ್ತು ಬಿಟ್ಟರೆ ವೈಫೈ ಕಟ್ ಆಗುತ್ತಿದೆ ಅನ್ನಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ತೆರೆಯಿರಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅರ್ಥದ ಸಾಲಿನ ಮುಂದಿನ ಟಿಕ್ ತೆಗೆಯಿರಿ, ಓಕೆ ಕೊಟ್ಟು ಒಮ್ಮೆ ರೀಸ್ಟಾರ್ಟ್ ಮಾಡಿ.